ಬೆಳಗಿನ ಸಕ್ಕರೆ ಸರಿಯಿದ್ದರೂ ಎಚ್‌ಬಿಎ1ಸಿ ಏಕೆ ಹೆಚ್ಚು?

ಪ್ರಶ್ನೆ: ನನಗೆ 54 ವರ್ಷ. ಕೆಲವು ವರ್ಷಗಳಿಂದ ಟೈಪ್ 2 ಮಧುಮೇಹವಿದ್ದು, ಮಾತ್ರೆ ಸೇವಿಸುತ್ತಿದ್ದೇನೆ. ದಿನವೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಗ್ಲುಕೋಮೀಟರ್‌ನಿಂದ ನೋಡಿಕೊಂಡರೆ ಸಕ್ಕರೆ 110ರಿಂದ 125ರೊಳಗೆ ಇರುತ್ತದೆ. ಆದರೆ ಈಚೆಗೆ ಮಾಡಿಸಿದ ಎಚ್‌ಬಿಎ1ಸಿ ಶೇ 8 ಬಂದಿದೆ. ಯಾವುದನ್ನು ನಂಬಬೇಕು? ರಾತ್ರಿಯ ಮಾತ್ರೆಯನ್ನು ನಾನೇ ಹೆಚ್ಚಿಸಿಕೊಳ್ಳಬಹುದೇ?

ಉತ್ತರ: ಎರಡೂ ಸರಿಯಾಗಿರುವ ಸಾಧ್ಯತೆಯೇ ಹೆಚ್ಚು. ಗ್ಲುಕೋಮೀಟರ್ ತೋರಿಸುವುದು ಆ ಕ್ಷಣದ ಸಕ್ಕರೆಯನ್ನು ಮಾತ್ರ. ಎಚ್‌ಬಿಎ1ಸಿ ಹಾಗಲ್ಲ, ಸುಮಾರು 120 ದಿನ ಬದುಕುವ ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ಗೆ ಎಷ್ಟು ಗ್ಲುಕೋಸ್ ಅಂಟಿಕೊಂಡಿದೆ ಎಂಬುದನ್ನು ಅಳೆಯುವುದರಿಂದ, ಕಳೆದ ಎರಡು ಮೂರು ತಿಂಗಳ ಹಗಲು ರಾತ್ರಿಗಳೆಲ್ಲವೂ ಅದರಲ್ಲಿ ಸೇರಿರುತ್ತವೆ. ಶೇ 8 ಎಂದರೆ ಸರಾಸರಿ ಸಕ್ಕರೆ ಡೆಸಿಲೀಟರ್‌ಗೆ ಸುಮಾರು 183 ಮಿಲಿಗ್ರಾಂ. ಬೆಳಿಗ್ಗೆ 120 ಇದ್ದೂ ಸರಾಸರಿ ಇಷ್ಟಿದೆ ಎಂದಾದರೆ, ನೀವು ನೋಡದೇ ಇರುವ ಹೊತ್ತಿನಲ್ಲಿ, ಬಹುಮಟ್ಟಿಗೆ ಊಟದ ನಂತರದ ಗಂಟೆಗಳಲ್ಲಿ, ಸಕ್ಕರೆ ಮೇಲೇರುತ್ತಿದೆ ಎಂದೇ ಅರ್ಥ.

ಆದ್ದರಿಂದ ಬೆಳಗಿನ ಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳದೆ, ಒಂದೆರಡು ವಾರ ಜೋಡಿ ಪರೀಕ್ಷೆ ಮಾಡಿಕೊಳ್ಳಿ. ಊಟಕ್ಕೆ ಮುನ್ನ ಒಮ್ಮೆ, ಊಟ ಆರಂಭಿಸಿದ ಎರಡು ಗಂಟೆಯ ಬಳಿಕ ಇನ್ನೊಮ್ಮೆ. ಒಂದು ದಿನ ಬೆಳಗಿನ ತಿಂಡಿಗೆ, ಮರುದಿನ ಮಧ್ಯಾಹ್ನದ ಊಟಕ್ಕೆ, ಮತ್ತೊಂದು ದಿನ ರಾತ್ರಿಯೂಟಕ್ಕೆ. ಏನು, ಎಷ್ಟು ತಿಂದಿರಿ ಎಂಬುದನ್ನೂ ಪಕ್ಕದಲ್ಲೇ ಬರೆದಿಡಿ. ಬಹುತೇಕ ವಯಸ್ಕರಿಗೆ ಊಟಕ್ಕೆ ಮುನ್ನ 80ರಿಂದ 130, ಊಟದ ನಂತರ 180ಕ್ಕಿಂತ ಕಡಿಮೆ ಇರಬೇಕೆಂಬುದು ಸಾಮಾನ್ಯ ಗುರಿ. ವಯಸ್ಸು ಮತ್ತು ಇತರ ಕಾಯಿಲೆಗಳನ್ನು ನೋಡಿ ವೈದ್ಯರು ಇದನ್ನು ಬದಲಿಸಬಹುದು. ಬೆರಳಿಗೆ ಚುಚ್ಚುವ ಮುನ್ನ ಕೈಯನ್ನು ಸೋಪಿನಿಂದ ತೊಳೆದು ಒರೆಸಿಕೊಳ್ಳಲು ಮರೆಯಬೇಡಿ, ಏಕೆಂದರೆ ಹಣ್ಣು ಮುಟ್ಟಿದ ಕೈಯಲ್ಲಿ ಉಳಿದ ಸಕ್ಕರೆಯೂ ಅಂಕಿಯನ್ನು ಏರಿಸುತ್ತದೆ. ಯಾವ ಊಟದ ನಂತರ ಏರಿಕೆ ಹೆಚ್ಚೆಂದು ತಿಳಿದರೆ ಆ ಊಟದ ಪಿಷ್ಟವನ್ನು ತಗ್ಗಿಸಿ, ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದು ಮತ್ತೆ ಅಳೆದು ನೋಡಬಹುದು.

ಜೋಡಿ ಪರೀಕ್ಷೆಯಲ್ಲೂ ಎಲ್ಲವೂ ಸರಿಯಿದ್ದರೆ ಆಗ ಎಚ್‌ಬಿಎ1ಸಿಯನ್ನೇ ಅನುಮಾನಿಸಬೇಕಾಗುತ್ತದೆ. ಕಬ್ಬಿಣಾಂಶದ ಕೊರತೆಯಿಂದ ಬಂದ ರಕ್ತಹೀನತೆ ಅದನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸಬಲ್ಲದು.

ಮಾತ್ರೆಯನ್ನು ನೀವಾಗಿಯೇ ಹೆಚ್ಚಿಸಿಕೊಳ್ಳುವುದು ಖಂಡಿತ ಬೇಡ. ನಿಮ್ಮ ಬೆಳಗಿನ ಸಕ್ಕರೆ ಈಗಾಗಲೇ ಹತೋಟಿಯಲ್ಲಿರುವುದರಿಂದ, ಇನ್ಸುಲಿನ್ ಸ್ರವಿಕೆಯನ್ನು ಪ್ರಚೋದಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನು ರಾತ್ರಿ ಹೆಚ್ಚಿಸಿದರೆ ನಿದ್ದೆಯಲ್ಲೇ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಬರೆದಿಟ್ಟ ಅಂಕಿಗಳನ್ನು ವೈದ್ಯರಿಗೆ ತೋರಿಸಿ. ಅವನ್ನು ನೋಡಿದರೆ ಯಾವ ಔಷಧ, ಯಾವ ಹೊತ್ತಿಗೆ ಎಂದು ನಿರ್ಧರಿಸುವುದು ಅವರಿಗೆ ಸುಲಭವಾಗುತ್ತದೆ. ಅಷ್ಟರಲ್ಲಿ ಎಂದಾದರೂ ನಡುಕ, ಬೆವರು, ಗಲಿಬಿಲಿ ಕಾಣಿಸಿಕೊಂಡು ಸಕ್ಕರೆ 70ಕ್ಕಿಂತ ಕೆಳಗಿಳಿದಿದ್ದರೆ, ತಡಮಾಡದೆ 15 ಗ್ರಾಂ ಗ್ಲುಕೋಸ್ ಇಲ್ಲವೇ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿಕೊಳ್ಳಿ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಮನೆಯವರಿಗೂ ಈಗಲೇ ಹೇಳಿಡಿ.