ನಿಮ್ಮ ಬುಗುರಿಗೆ 450 ಸಾಲದು

ಚನ್ನಪಟ್ಟಣದ ಓದುಗರೊಬ್ಬರು ಪತ್ರ ಬರೆದಿದ್ದಾರೆ, ಹೆಸರು ಹಾಕಬೇಡಿ ಅಂದಿದ್ದಾರೆ. ಇಪ್ಪತ್ತೆರಡು ವರ್ಷ ಬೇರೆಯವರ ಲೇತ್‌ನಲ್ಲಿ, ಅಂದರೆ ಮರ ತಿರುಗಿಸಿ ಆಟಿಕೆ ಕಡೆಯುವ ಯಂತ್ರದಲ್ಲಿ, ಪೀಸ್ ಲೆಕ್ಕಕ್ಕೆ ದುಡಿದವರು, ಹೋದ ವರ್ಷ ಮನೆಯಲ್ಲೇ ಸ್ವಂತ ಲೇತ್ ಹಾಕಿದ್ದಾರೆ. ಐದು ಬುಗುರಿಗಳ ಡಬ್ಬಿಗೆ 450 ರೂಪಾಯಿ ಅಂತ ಬರೆದು ಬೆಂಗಳೂರಿನ ಸಂತೆಯೊಂದರಲ್ಲಿ ಕೂತಾಗ, ಗಿರಾಕಿಯೊಬ್ಬರು "ಆನ್‌ಲೈನಲ್ಲಿ 199ಕ್ಕೆ ಸಿಗುತ್ತೆ" ಅಂದರಂತೆ. ಇವರು 200ಕ್ಕೆ ಕೊಟ್ಟು ಬಂದರು. "ನನ್ನ ಹೆಸರು ಯಾರಿಗೂ ಗೊತ್ತಿಲ್ಲ ಸಾರ್, ನಾನು ಎಷ್ಟು ಕೇಳಬಹುದು?" ಇದು ಅವರ ಪ್ರಶ್ನೆ.

ಅಣ್ಣಾ, ಪತ್ರದ ಜೊತೆ ನೀವು ಕಳಿಸಿದ ಬುಗುರಿ ನನ್ನ ಮೇಜಿನ ಮೇಲೇ ಇದೆ. ಬೆಳಗ್ಗೆಯಿಂದ ಎಷ್ಟು ಸಲ ತಿರುಗಿಸಿದೆನೋ ಲೆಕ್ಕವಿಲ್ಲ. ಅಲ್ಲಾಡುವುದಿಲ್ಲ, ನಿಂತಲ್ಲೇ ತಿರುಗುತ್ತದೆ. ಅರಿಶಿನದ ಹಳದಿ ಮುಗಿದು ನೀಲಿ ಶುರುವಾಗುವ ಕಡೆ ಗೆರೆ ಎಲ್ಲೂ ಹಿಂದೆ ಮುಂದೆ ಹೋಗಿಲ್ಲ. ಲೇತ್‌ನಲ್ಲಿ ತಿರುಗುವ ಆಲೆ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿ, ಉಜ್ಜುವ ಕಾವಿಗೇ ಅರಗು ಕರಗಿ ಹತ್ತಿಕೊಂಡು, ಆಮೇಲೆ ತಾಳೆಗರಿ ಹಿಡಿದು ಮಿರಮಿರ ಮಾಡಿದ ಕೆಲಸ ಇದು. ಪೇಂಟಿನ ಡಬ್ಬಿಯಲ್ಲಿ ಅದ್ದಿ ತೆಗೆದ ಬುಗುರಿಯ ಬೆಲೆಗೆ ಇದನ್ನು ಯಾಕೆ ಹೋಲಿಸಬೇಕು?

ನೀವು ಬರೆದ ಲೆಕ್ಕವನ್ನೇ ತೆಗೆದುಕೊಳ್ಳುತ್ತೇನೆ. ಮರ, ಅರಗು, ಕರೆಂಟು, ಡಬ್ಬಿ ಎಲ್ಲ ಸೇರಿ 95. ಅಲ್ಲಿಗೆ ನಿಲ್ಲಿಸಿ "ಉಳಿದದ್ದು ಲಾಭ" ಅಂದುಬಿಟ್ಟಿದ್ದೀರಿ. ನಿಮ್ಮ ಕೂಲಿ ಎಲ್ಲಿ? ಒಂದು ಡಬ್ಬಿಗೆ ಒಂದೂವರೆ ಗಂಟೆ ಹಿಡಿಯುತ್ತದೆ ಅಂತ ನೀವೇ ಹೇಳಿದ್ದೀರಿ. ಗಂಟೆಗೆ ನೂರು ಅಂದರೂ 150 ಆಯಿತು, ಇಷ್ಟು ವರ್ಷ ಪಳಗಿದ ಕೈಗೆ ಅದೂ ಜಾಸ್ತಿಯಲ್ಲ. ಸೀಳು ಬಿಟ್ಟು ಎಸೆದ ತುಂಡು, ಬಸ್ ಚಾರ್ಜು, ಸಂತೆಯ ಬಾಡಿಗೆ, ಮಾರದೆ ಕೂತ ಇಡೀ ಭಾನುವಾರ, ಇವಕ್ಕೆಲ್ಲ ಒಂದು 45 ಇಡಿ. ಒಟ್ಟು 290. ಇದು ಬೆಲೆ ಅಲ್ಲ, ನಿಮ್ಮ ಕೈಗೆ ಬರಲೇಬೇಕಾದ ದುಡ್ಡು.

ಮಾತಾಡಿಸಿ ಬಂದ ಅಂಗಡಿಯವರು ನೂರಕ್ಕೆ ನಲವತ್ತು ಕೇಳಿದರು ಅಂತ ಬೇಜಾರು ಮಾಡಿಕೊಂಡಿದ್ದೀರಿ. ಬಾಡಿಗೆ, ಸಂಬಳ ಅವರ ತಲೆ ಮೇಲೂ ಇರುತ್ತೆ ಅಲ್ವಾ? ಆ ಪಾಲನ್ನು ಬೆಲೆಯೊಳಗೇ ಸೇರಿಸಿ. 480 ಅಂತ ಹಾಕಿದರೆ ಅವರ ಪಾಲು ಹೋಗಿ ನಿಮಗೆ 288 ಉಳಿಯುತ್ತದೆ, ಆ 290ಕ್ಕೆ ಎರಡೇ ರೂಪಾಯಿ ಕಮ್ಮಿ. 450ಕ್ಕೆ ಉಳಿಯುವುದು 270 ಮಾತ್ರ. ಹಾಗಾಗಿ ನಿಮ್ಮ ಮೊದಲ ಬೆಲೆ ದುಬಾರಿಯಾಗಿರಲಿಲ್ಲ, ಸ್ವಲ್ಪ ಕಮ್ಮಿಯೇ ಇತ್ತು.

ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ಅಂಗಡಿಯಲ್ಲಿ 480 ಇದ್ದರೆ ಸಂತೆಯಲ್ಲೂ 480, ನಿಮ್ಮ ಮನೆ ಬಾಗಿಲಲ್ಲೂ 480. ನೀವೇ ಮುನ್ನೂರಕ್ಕೆ ಮಾರುತ್ತಿದ್ದೀರಿ ಅಂತ ಗೊತ್ತಾದ ದಿನ ಆ ಅಂಗಡಿ ಬಾಗಿಲು ನಿಮಗೆ ಮುಚ್ಚಿದ ಹಾಗೇ. ಅಷ್ಟು ಕೊಡಲಾಗದವರಿಗೆ ಬಿಡಿ ಬುಗುರಿ ಇಡಿ, ಒಂದಕ್ಕೆ 110. ಡಬ್ಬಿಯ ಬೆಲೆ ಇಳಿಸಬೇಡಿ.

ಇನ್ನು ಹೆಸರಿನ ಮಾತು. ಬುಗುರಿಯನ್ನು ತಿರುವಿ ಮುರುವಿ ನೋಡಿದೆ, ಎಲ್ಲೂ ನಿಮ್ಮ ಗುರುತೇ ಇಲ್ಲ! ಹೆಸರು ಯಾರಿಗೂ ಗೊತ್ತಿಲ್ಲ ಅನ್ನುತ್ತೀರಿ, ಗೊತ್ತಾಗುವುದಾದರೂ ಹೇಗೆ? ಮೊಳೆಯ ಪಕ್ಕ ಎರಡಕ್ಷರ ಕೊರೆಯಿರಿ. ಡಬ್ಬಿಯೊಳಗೆ ನಿಮ್ಮ ಹೆಸರು, ಊರು, ಫೋನ್ ನಂಬರ್ ಇರುವ ಚೀಟಿ ಹಾಕಿ. ಬಣ್ಣ ಒಡೆದದ್ದು, ಓಲಾಡುವುದು ಆ ಹೆಸರಿನಲ್ಲಿ ಹೊರಗೆ ಹೋಗಬಾರದು, ರಿಯಾಯಿತಿಗೂ ಬೇಡ.

ಸಂತೆಯಲ್ಲಿ ಸುಮ್ನೆ ಕೂರಬೇಡಿ. ಬಣ್ಣ ಹಚ್ಚದ ಬುಗುರಿ ಒಂದು, ಅರಗಿನ ಕಡ್ಡಿ ಒಂದು, ಒಂದು ತಾಳೆಗರಿ ಮುಂದೆ ಇಟ್ಟುಕೊಳ್ಳಿ. ಬಂದ ಮಗುವಿನ ಕೈಗೆ ಬುಗುರಿ ಕೊಡಿ. ಅದು ತಿರುಗುವಷ್ಟು ಹೊತ್ತು ಅಪ್ಪ ಅಮ್ಮ ಅಲ್ಲೇ ನಿಂತಿರುತ್ತಾರೆ, ಆಗ ಕಡ್ಡಿ ತೋರಿಸಿ ಮಾತಾಡಿ. 199ರ ಮಾತು ಬಂದರೆ ಅದನ್ನು ಬೈಯುವುದು ಬೇಡ, ಇದು ಹೇಗಾಯಿತು ಅಂತಷ್ಟೇ ಹೇಳಿ. ಕೆಲವರು ಆಗಲೂ ಹೋಗುತ್ತಾರೆ, ಹೋಗಲಿ.

ಕಾಗದಪತ್ರದ ಕೆಲಸ ಮಾತ್ರ ಮುಂದೂಡಬೇಡಿ. ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳ ಆಟಿಕೆಗೆ ಅದರಿಂದ ವಿನಾಯಿತಿ ಇದೆ. ಇಷ್ಟು ವರ್ಷ ಆ ಚಿಂತೆ ಮಾಲೀಕರದಾಗಿತ್ತು, ಈಗ ನಿಮ್ಮದು. ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ, ಆಟಿಕೆ ಮಾಡುವವರೂ ಇದ್ದಾರೆ. ಮೊದಲ ಕಂತಿನ ಸಾಲ ಒಂದು ಲಕ್ಷದವರೆಗೆ, ಬಡ್ಡಿ ನೂರಕ್ಕೆ 5. ಲೇತ್‌ಗೆ ಕೈಸಾಲ ಮಾಡಿದ್ದೀರಿ ಅಂತ ಬರೆದಿದ್ದೀರಲ್ಲ, ಇದನ್ನೂ ಒಮ್ಮೆ ವಿಚಾರಿಸಿ.

ಈ ಬುಗುರಿಯನ್ನು ಪುಕ್ಕಟೆ ಇಟ್ಟುಕೊಳ್ಳಲು ನನಗೆ ಮನಸ್ಸಿಲ್ಲ. ಅದರ 110, ಇನ್ನೊಂದು ಡಬ್ಬಿಗೆ 480, ಒಟ್ಟು 590 ರೂಪಾಯಿ ಮನಿಯಾರ್ಡರ್ ಮಾಡಿದ್ದೇನೆ. ಡಬ್ಬಿಯ ಐದೂ ಬುಗುರಿಗಳ ಮೇಲೆ ನಿಮ್ಮ ಗುರುತು ಕೊರೆದು ಕಳಿಸಿ.

— ಸಂಪಾದಕ