ಅಂಚಿನಲ್ಲಿ ಬರೆದವರೂ ಬರಹಗಾರರೇ

ಓದುಗರೇ, ನಮಸ್ಕಾರ.

ಕಳೆದ ಸಂಚಿಕೆಯಲ್ಲಿ, ಅಮೆರಿಕದ 'ಮ್ಯಾಡ್' ಹಾಸ್ಯಪತ್ರಿಕೆಯ ಪುಟದಂಚುಗಳಲ್ಲಿ ಮಾತಿಲ್ಲದ ಚಿತ್ರ ಬರೆದ ವ್ಯಂಗ್ಯಚಿತ್ರಕಾರ ಸೆರ್ಜಿಯೋ ಅರಗೋನೆಸ್ ಬಗ್ಗೆ ಬಂದ ಲೇಖನ ಓದಿ ನೀವು ಕೇಳಿದ್ದೀರಿ: "ಪುಟದ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಚಿತ್ರ ಗೀಚಿದವರಿಗೆ ಇಷ್ಟೊಂದು ಪ್ರಶಸ್ತಿ ಯಾಕೆ? ಮಾತೇ ಇಲ್ಲದ ಮೇಲೆ ಅವರನ್ನು ಬರಹಗಾರ ಅನ್ನೋದು ಹೇಗೆ?" ನಿಮ್ಮ ಮಗಳೂ ನೋಟ್‌ಬುಕ್ಕಿನ ಅಂಚಲ್ಲಿ ಇದೇ ಕೆಲಸ ಮಾಡುತ್ತಾಳೆ ಅಂತ ಬೇಸರಪಟ್ಟಿದ್ದೀರಿ.

ನಾನು ಒಪ್ಪುವುದಿಲ್ಲ. ಮಾತಿಲ್ಲದೆ ನಗಿಸಬೇಕಾದರೆ ಪೆನ್ನು ಹಿಡಿಯುವ ಮೊದಲೇ ಕತೆ ತಲೆಯಲ್ಲಿ ಬರೆದು ಮುಗಿದಿರಬೇಕು. ಅವರ 'ನೆರಳು' ಸರಣಿಯನ್ನೇ ನೋಡಿ. ಮನುಷ್ಯ ನಯವಾಗಿ ನಗುತ್ತಾ ನಿಂತಿರುತ್ತಾನೆ. ಹಿಂದಿನ ಗೋಡೆ ಮೇಲೆ ಅವನ ನೆರಳು ಮಾತ್ರ ಮನಸ್ಸಿನಲ್ಲಿರುವುದನ್ನು ಮಾಡಿ ತೋರಿಸುತ್ತದೆ. ಇದನ್ನೇ ಮಾತಲ್ಲಿ ಹೇಳಲು ನನಗಾದರೆ ಒಂದು ಪುಟ ಬೇಕು.

ಇದು ಸುಮ್ನೆ ಒಲಿದ ವಿದ್ಯೆ ಅಲ್ಲ. 1937ರಲ್ಲಿ ಸ್ಪೇನಿನಲ್ಲಿ, ಅಂತರ್ಯುದ್ಧದ ನಡುವೆ ಹುಟ್ಟಿದ ಅವರು ಬೆಳೆದದ್ದು ಮೆಕ್ಸಿಕೋದಲ್ಲಿ. ಅಲ್ಲಿ ವಾಸ್ತುಶಿಲ್ಪ ಓದಿದರು, ಮುಂದೆ ಸಿನಿಮಾ ನಿರ್ದೇಶಕರಾಗಿ ಹೆಸರಾದ ಅಲೆಹಾಂದ್ರೋ ಹೊದೊರೊವ್ಸ್ಕಿ ಅವರ ಹತ್ತಿರ ಮೂಕಾಭಿನಯವನ್ನೂ ಕಲಿತರು. ಆ ಮೈಯ ಭಾಷೆ ಅವರ ಗೆರೆಯಲ್ಲಿ ಕಾಣುತ್ತದೆ. 1962ರಲ್ಲಿ ಜೇಬಲ್ಲಿ 20 ಡಾಲರ್ ಇಟ್ಟುಕೊಂಡು ನ್ಯೂಯಾರ್ಕಿಗೆ ಬಂದರು. ಇಂಗ್ಲಿಷ್ ಅಷ್ಟಕ್ಕಷ್ಟೇ. 'ಮ್ಯಾಡ್' ಪತ್ರಿಕೆಗೆ ಹೋಗಿ, ಸ್ಪ್ಯಾನಿಷ್ ಆಡುತ್ತಾರಲ್ಲ ಅಂತ ಕ್ಯೂಬಾದ ವ್ಯಂಗ್ಯಚಿತ್ರಕಾರ ಪ್ರೋಯಿಯಾಸ್ ಅವರನ್ನು ಕಾಣಬೇಕು ಅಂದರು. ಅವರಿಗೋ ಇಂಗ್ಲಿಷ್ ಇನ್ನೂ ಕಮ್ಮಿ! ಆದರೂ ಚಿತ್ರ ನೋಡಿದವರಿಗೆ ದುಭಾಷಿ ಬೇಕಾಗಲಿಲ್ಲ.

ಅಂಚಿನ ಚಿತ್ರ ಶುರುವಾದಾಗ, ಇವರ ಸರಕು ಬೇಗ ಖಾಲಿಯಾಗುತ್ತದೆ ಅಂದುಕೊಂಡಿದ್ದರು 'ಮ್ಯಾಡ್'ನವರು. ಅದು ದಶಕಗಟ್ಟಲೆ ನಡೆಯಿತು. ಪ್ರತಿ ಸಂಚಿಕೆಗೂ ಪುಟ ತುಂಬಿಸಲು ಒದ್ದಾಡುವ ನನಗೆ ಅದರ ಬೆಲೆ ಗೊತ್ತು.

ಇನ್ನೊಂದು ವಿಷಯ ನನಗೆ ಪ್ರಶಸ್ತಿಗಿಂತ ದೊಡ್ಡದು. 'ಗ್ರೂ' ಅನ್ನುವ ಕಾಮಿಕ್ಸ್ ಪಾತ್ರವನ್ನು, ಒಬ್ಬ ಪೆದ್ದ ಕತ್ತಿವೀರನನ್ನು ಅವರು ಹುಟ್ಟಿಸಿದಾಗ, ಪಾತ್ರದ ಹಕ್ಕನ್ನು ಪ್ರಕಾಶಕರಿಗೆ ಬರೆದುಕೊಡುವುದೇ ಅಲ್ಲಿನ ಪದ್ಧತಿ. ಇವರು ಕೊಡಲಿಲ್ಲ. ವರ್ಷಗಟ್ಟಲೆ ಕಾದರು. 1982ರಲ್ಲಿ ಪೆಸಿಫಿಕ್ ಕಾಮಿಕ್ಸ್ ಹಕ್ಕನ್ನು ಇವರಿಗೇ ಬಿಟ್ಟು ಅಚ್ಚು ಹಾಕಿತು. ಮುಂದೆ ಮಾರ್ವೆಲ್ ಕೂಡ ಅದೇ ಷರತ್ತಿಗೆ ಒಪ್ಪಿ 120 ಸಂಚಿಕೆ ತಂದಿತು. ಮಾತು ಜೋಡಿಸಿದವರು ಗೆಳೆಯ ಮಾರ್ಕ್ ಇವಾನಿಯರ್. ಅಮೆರಿಕದ ವ್ಯಂಗ್ಯಚಿತ್ರಕಾರರ ಸಂಘ ಕೊಡುವ 1996ರ ರೂಬೆನ್ ಪ್ರಶಸ್ತಿ, 2002ರಲ್ಲಿ ಕಾಮಿಕ್ಸ್ ಲೋಕದ ಗೌರವವಾದ ಐಸ್ನರ್ ಹಾಲ್ ಆಫ್ ಫೇಮ್ ಎಲ್ಲಾ ಆಮೇಲೆ ಬಂದವು.

ಮಗಳನ್ನು ಬೈಯಬೇಡಿ. ಅವಳು ಗೀಚಿದ ಒಂದೆರಡು ಹಾಳೆ ನನಗೆ ಕಳಿಸಿಕೊಡಿ. ಮುಂದಿನ ಸಂಚಿಕೆಯ ಅಂಚಿನಲ್ಲಿ ಜಾಗ ಬಿಟ್ಟಿರುತ್ತೇನೆ.

– ಸಂಪಾದಕ