ಬೆಟ್ಟ ಹತ್ತುವಾಗ ಕುಗ್ಗುವ ಪಿಕಪ್

ಪ್ರಶ್ನೆ: ನಮ್ಮ ತಂದೆಯವರ ಕಾಲದ 1965ರ ಅಂಬಾಸಿಡರ್ ಮಾರ್ಕ್ 2 ಕಾರಿಗೆ ಕಳೆದ ವರ್ಷ ಹೊಸ ಎಕ್ಸಾಸ್ಟ್ ಪೈಪು ಮತ್ತು ಸೈಲೆನ್ಸರ್ ಹಾಕಿಸಿದೆವು. ಅಂದಿನಿಂದ ಊರೊಳಗೆ ಸರಾಗವಾಗಿ ಓಡುವ ಕಾರು ಚಾಮುಂಡಿ ಬೆಟ್ಟ ಹತ್ತುವಾಗ ಸೆಕೆಂಡ್ ಗೇರಿನಲ್ಲೂ ಉಸಿರು ಕಟ್ಟಿದಂತೆ ಮಾಡುತ್ತದೆ. ಕಾರ್ಬುರೇಟರ್, ಕಂಪ್ರೆಶನ್ ಎರಡೂ ಸರಿಯಾಗಿವೆ. ಎಂಜಿನ್ ಬಿಚ್ಚಿಸಬೇಕೇ? ಸೈಲೆನ್ಸರನ್ನೇ ತೆಗೆದುಬಿಡಿ ಎನ್ನುವವರೂ ಇದ್ದಾರೆ.
– ಓದುಗರು, ಮೈಸೂರು

ಉತ್ತರ: ಎಂಜಿನ್ ಬಿಚ್ಚಿಸುವ ಮೊದಲು ದಯವಿಟ್ಟು ಆ ಹೊಸ ಪೈಪನ್ನು ಬಿಚ್ಚಿಸಿ ನೋಡಿ. ಸುಟ್ಟ ಅನಿಲವನ್ನು ಹೊರದೂಡುವ ಕೆಲಸ ಪಿಸ್ಟನ್ನಿನದು. ದಾರಿ ಇಕ್ಕಟ್ಟಾದರೆ ಚಕ್ರಕ್ಕೆ ಹೋಗಬೇಕಾದ ಶಕ್ತಿಯ ಒಂದು ಪಾಲು ಆ ದೂಡುವಿಕೆಗೇ ಖರ್ಚಾಗುತ್ತದೆ, ಜೊತೆಗೆ ಹೊರಹೋಗದೆ ಉಳಿದ ಅನಿಲ ಸಿಲಿಂಡರಿನಲ್ಲಿ ಜಾಗ ಹಿಡಿದು, ಒಳಬರುವ ಹೊಸ ಮಿಶ್ರಣವನ್ನೂ ಕಡಿಮೆ ಮಾಡುತ್ತದೆ. ಅನಿಲದ ಹರಿವು ಎರಡು ಪಟ್ಟಾದಾಗ ಪೈಪಿನಲ್ಲಿ ಕಳೆದುಹೋಗುವ ಒತ್ತಡ ಸುಮಾರು ನಾಲ್ಕು ಪಟ್ಟಾಗುವುದರಿಂದಲೇ, ಊರೊಳಗೆ ಸುಳಿವು ಕೊಡದ ದೋಷ ಬೆಟ್ಟದಲ್ಲಿ ಎದುರಾಗಿದೆ.

ಪೈಪಿನ ಅಳತೆಯ ವಿಷಯದಲ್ಲಿ ಸಡಿಲ ಬಿಡಲೇಬಾರದು. ಒಳವ್ಯಾಸ 38 ಮಿಲಿಮೀಟರ್ ಇರಬೇಕಾದಲ್ಲಿ 32 ಮಿಲಿಮೀಟರಿನ ಪೈಪು ಕೂಡಿಸಿದರೆ, ಅಷ್ಟೇ ಹರಿವಿಗೆ ಒತ್ತಡದ ನಷ್ಟ ಎರಡು ಪಟ್ಟನ್ನೂ ಮೀರುತ್ತದೆ. ಆದ್ದರಿಂದ ಹಳೆಯ ಪೈಪಿನ ತುಂಡು ಮನೆಯಲ್ಲಿ ಉಳಿದಿದ್ದರೆ ಅದರ ಪಕ್ಕದಲ್ಲಿಟ್ಟೇ ಅಳೆಯಿರಿ. ಹಿಂದಿನ ಆಕ್ಸಲ್ ಮೇಲೆ ಹಾದುಹೋಗುವ ಬೆಂಡಿನಲ್ಲಿ ಬೆರಳಾಡಿಸಿ ನೋಡಿ. ಪೈಪು ಚಪ್ಪಟೆಯಾಗಿದ್ದರೆ ಅಥವಾ ಸುಕ್ಕುಗಟ್ಟಿದ್ದರೆ ಅಲ್ಲಿಯೂ ದಾರಿ ಕಿರಿದಾಗಿರುತ್ತದೆ.

ಸಿಲಿಂಡರುಗಳ ಸುಟ್ಟ ಅನಿಲವನ್ನು ಒಟ್ಟುಗೂಡಿಸಿ ಪೈಪಿಗೆ ಕಳಿಸುವ ಮ್ಯಾನಿಫೋಲ್ಡಿಗೂ ಎಂಜಿನ್ನಿಗೂ ನಡುವೆ ಸೋರದಂತೆ ಕೂಡಿಸುವ ಗ್ಯಾಸ್ಕೆಟನ್ನೂ ಗಮನಿಸಿ. ನಿಮ್ಮ 1489 ಸಿಸಿ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರಿಗೆ ಮೂರೇ ಎಕ್ಸಾಸ್ಟ್ ಪೋರ್ಟುಗಳಿದ್ದು (ಸುಟ್ಟ ಅನಿಲ ಹೊರಬರುವ ಬಾಯಿಗಳು), ನಡುವಿನದನ್ನು ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳು ಹಂಚಿಕೊಳ್ಳುತ್ತವೆ. ಗ್ಯಾಸ್ಕೆಟ್ ಸ್ವಲ್ಪ ಸರಿದು ಆ ಬಾಯಿಗೆ ಅಡ್ಡ ಬಂದರೆ ಎರಡು ಸಿಲಿಂಡರುಗಳಿಗೂ ತೊಂದರೆ.

ಬಿಚ್ಚದೆಯೇ ಪರೀಕ್ಷಿಸಬೇಕೆಂದರೆ ಹೊಸ ಮಿಶ್ರಣ ಒಳಬರುವ ಇನ್‌ಲೆಟ್ ಮ್ಯಾನಿಫೋಲ್ಡಿಗೆ, ಅಲ್ಲಿನ ಎಳೆತವನ್ನು ಅಳೆಯುವ ವ್ಯಾಕ್ಯೂಮ್ ಗೇಜ್ ಜೋಡಿಸಿ, ನಿಂತಲ್ಲೇ ಎಂಜಿನ್ನನ್ನು 2500 ಆರ್‌ಪಿಎಂನಲ್ಲಿ ಹಿಡಿದಿಡಿ. ಮುಳ್ಳು ಒಂದೆಡೆ ನಿಲ್ಲದೆ ಮೆಲ್ಲಮೆಲ್ಲನೆ ಇಳಿಯುತ್ತಾ ಹೋದರೆ ಎಕ್ಸಾಸ್ಟಿನಲ್ಲಿ ತಡೆಯಿದೆ ಎಂದೇ ತಿಳಿಯಬೇಕು. ಇದನ್ನು ಬಯಲಿನಲ್ಲಿ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಅಪಾಯ.

ಸೈಲೆನ್ಸರನ್ನು ಮಾತ್ರ ತೆಗೆಯಬೇಡಿ. ಅದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿರುದ್ಧ. ಮೇಲಾಗಿ ಕಾರ್ಬುರೇಟರಿನ ಹೊಂದಾಣಿಕೆಯೂ ಕೆಡಬಹುದು.

ಸರಿಯಾದ ಪೈಪು ಕೂಡಿಸಿದ ಮೇಲೆ, ವಾರಕ್ಕೊಮ್ಮೆ ಹತ್ತು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿ ಆರಿಸುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹತ್ತಿರಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಪೈಪು ಕಾಯದಿದ್ದರೆ ಅದು ಸೈಲೆನ್ಸರಿನಲ್ಲೇ ನಿಂತು ತುಕ್ಕು ಹಿಡಿಸಿ, ಉದುರಿದ ಹಕ್ಕಳೆಗಳು ಮತ್ತೆ ದಾರಿಗೆ ಅಡ್ಡವಾಗುತ್ತವೆ. ಕಾರನ್ನು ಹೊರತೆಗೆದ ದಿನ, ಬಾಲದ ಪೈಪಿನಿಂದ ನೀರು ತೊಟ್ಟಿಕ್ಕುವುದು ನಿಂತ ಮೇಲೂ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿಯೇ ಮನೆಗೆ ತನ್ನಿ.